ಹೈಸ್ಕೂಲ್ ಬೆಲ್ಟು ಮತ್ತು ಇಪ್ಪತ್ತು ಕಿಲೋ

ಹೈಸ್ಕೂಲಿನ ಕೊನೆಯ ವರ್ಷ ಹಾಕುತ್ತಿದ್ದ ಬೆಲ್ಟು ಇನ್ನೂ ನನ್ನ ಹತ್ತಿರ ಇದೆ. ಮೊದಲನೇ ತೂತಿನ ಪಕ್ಕ ಬಕಲ್ ಒತ್ತಿ ಒತ್ತಿ ಆಳವಾದ ಗೆರೆ ಬಿದ್ದಿದೆ. ಮೂರನೇದರ ಪಕ್ಕ ಇನ್ನೊಂದು ಗೆರೆ, ಸ್ವಲ್ಪ ತೆಳು. ಐದನೇದರ ಹತ್ತಿರ ಚರ್ಮವೇ ಸುಲಿದಿದೆ. ಆರನೇ ತೂತು ಬೆಲ್ಟಿನ ಜೊತೆ ಬಂದಿದ್ದಲ್ಲ. ನಾನೇ ಮೊಳೆ ಬಡಿದು ಮಾಡಿದ್ದು, ಅದಕ್ಕೇ ಸೊಟ್ಟಗಿದೆ. ಮೊಳೆ ಬಡಿದಾಗ ನನಗೆ 25 ವರ್ಷ, ತೂಕ 76 ಕಿಲೋ. ಹೈಸ್ಕೂಲ್ ಬಿಟ್ಟಾಗ 17 ವರ್ಷ, 56 ಕಿಲೋ.

ಈ ಇಪ್ಪತ್ತು ಕಿಲೋ ಎಲ್ಲವೂ ಒಂದೇ ಥರದ್ದಲ್ಲ ಅಂತ ಗೊತ್ತಾಗಲು ನನಗೆ ತುಂಬಾ ದಿನ ಬೇಕಾಯಿತು.

ಮೊದಲ ಐದು ಕಿಲೋ ಬೆಳವಣಿಗೆ. 17ರಿಂದ 19ರೊಳಗೆ ನಾನು 170 ಸೆಂಟಿಮೀಟರಿನಿಂದ 172ಕ್ಕೆ ಬಂದೆ, ಭುಜ ಅಗಲವಾಯಿತು. ಹುಡುಗರ ಮಾಂಸಖಂಡ, ಮೂಳೆ ತುಂಬಿಕೊಳ್ಳುವುದು ಹೈಸ್ಕೂಲಿಗೇ ನಿಲ್ಲುವುದಿಲ್ಲ, ಇಪ್ಪತ್ತು ದಾಟಿದ ಮೇಲೂ ನಡೆಯುತ್ತದೆ. ಹುಡುಗಿಯರ ಎತ್ತರ ಬೇಗ ನಿಂತರೂ ಮೈ ತುಂಬುವುದು ಮುಂದುವರಿಯುತ್ತದೆ. ಬಿಎಂಐ ಲೆಕ್ಕದಲ್ಲಿ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ, ನಾನು 19.4ರಿಂದ 20.6ಕ್ಕೆ ಬಂದಿದ್ದೆ. 18.5ರಿಂದ 25ರೊಳಗೆ ಇದ್ದರೆ ಸರಿ ಅನ್ನುತ್ತಾರೆ. ಚಿಂತೆ ಮಾಡುವಂಥದ್ದು ಏನೂ ಇರಲಿಲ್ಲ. ಆದರೂ ಹಳೇ ಪ್ಯಾಂಟು ತೊಡೆ ಹತ್ತಿರ ಬಿಗಿಯಾಯಿತು ಅಂತ ಕನ್ನಡಿ ಮುಂದೆ ನಿಂತು ನನ್ನನ್ನೇ ಬೈದುಕೊಂಡಿದ್ದೆ. 17ರ ಮೈಗೆ ಹೊಲಿದ ಪ್ಯಾಂಟು 19ರ ಮೈಗೆ ಆಗಬೇಕು ಅಂದುಕೊಳ್ಳುವುದೇ ತಪ್ಪು ಅಲ್ವಾ?

ಕಾಲೇಜಿಗೆ ಸೇರಿದ ವರ್ಷ ತೂಕ ಏರುವುದಕ್ಕೆ ಅಮೆರಿಕದಲ್ಲಿ ‘ಫ್ರೆಶ್‌ಮನ್ 15’ ಅನ್ನುತ್ತಾರೆ. 15 ಪೌಂಡ್, ಅಂದರೆ ಸುಮಾರು 7 ಕಿಲೋ. ನಿಜವಾಗಿ ಅಳೆದು ನೋಡಿದವರಿಗೆ ಸಿಕ್ಕಿದ ಸರಾಸರಿ ಏರಿಕೆ ಅದರ ಕಾಲು ಭಾಗದಷ್ಟೂ ಇಲ್ಲ. ಎಲ್ಲರದೂ ಏರುವುದೂ ಇಲ್ಲ. ನನ್ನ ಒಬ್ಬ ಗೆಳೆಯ ಒಂಟಿಯಾಗಿ ಇರಲು ಶುರುಮಾಡಿದ ಮೇಲೆ ಹೊತ್ತು ಹೊತ್ತಿಗೆ ಉಣ್ಣದೆ ಸೊರಗಿ ಹೋದ.

ನನ್ನ ನಿಜವಾದ ಏರಿಕೆ ಆಗಿದ್ದು 22ರ ನಂತರ, ಕೆಲಸ ಸಿಕ್ಕ ಮೇಲೆ. 65ರಿಂದ 76, ಮೂರೇ ವರ್ಷದಲ್ಲಿ. ‘ಏನೋ, ಕತ್ತೇ ಕಾಣ್ತಿಲ್ವಲ್ಲೋ’ ಅಂದಳು ಅಕ್ಕ. ‘ವಯಸ್ಸಾಯ್ತಲ್ಲಕ್ಕ, ಮೆಟಬಾಲಿಸಂ ಕಮ್ಮಿ ಆಗತ್ತೆ’ ಅಂದೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದೆ. ನಿಜ ಹೇಳಬೇಕೆಂದರೆ, ಏನಾದರೂ ಸಿಗಲಿ ಅನ್ನುವ ಆಸೆಯಿಂದಲೇ ಮಾಡಿಸಿದ್ದು. ಎಲ್ಲ ಸರಿಯಾಗಿತ್ತು!

ಮೆಟಬಾಲಿಸಂ, ಅಂದರೆ ಮೈ ಶಕ್ತಿ ಖರ್ಚು ಮಾಡುವ ವೇಗ, ಕಮ್ಮಿಯಾಯಿತು ಅನ್ನುವ ನೆಪವೂ ಆಮೇಲೆ ಕೈಬಿಟ್ಟಿತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 6,400ಕ್ಕೂ ಹೆಚ್ಚು ಜನರ ಮೈ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ನೋಡಿದ್ದರು. ಮೈಗಾತ್ರದ ಲೆಕ್ಕ ಹಿಡಿದರೆ, 20ರಿಂದ 60 ವರ್ಷದವರೆಗೆ ಆ ಖರ್ಚು ಹೆಚ್ಚುಕಡಿಮೆ ಒಂದೇ ಸಮ. ಅಂದರೆ 25ಕ್ಕೆ ನನ್ನ ಮೈಯೊಳಗೆ ಏನೂ ಕೆಟ್ಟಿರಲಿಲ್ಲ.

ಹಾಗಾದರೆ ಬದಲಾಗಿದ್ದೇನು? ಒಂದು ರಾತ್ರಿ ಕೂತು ಹೈಸ್ಕೂಲಿನ ಒಂದು ದಿನವನ್ನೂ ಆಫೀಸಿನ ಒಂದು ದಿನವನ್ನೂ ಅಕ್ಕಪಕ್ಕ ಬರೆದೆ. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗಿ ಬರಲು 40 ನಿಮಿಷ. ಸಂಜೆ ಆಟ ಒಂದು ಗಂಟೆ. ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿಯುತ್ತಿದ್ದೆನೋ ಲೆಕ್ಕವಿಲ್ಲ. ಊಟಕ್ಕೆ ಗಂಟೆ ಹೊಡೆಯುತ್ತಿತ್ತು, ಅದಕ್ಕಿಂತ ಮುಂಚೆ ತಿನ್ನುವ ಹಾಗಿಲ್ಲ. ಬೆಳಗ್ಗೆ ಬೇಗ ಏಳಬೇಕು, ಹಾಗಾಗಿ ಹತ್ತಕ್ಕೆಲ್ಲ ನಿದ್ದೆ. ಇದ್ಯಾವುದನ್ನೂ ಆರೋಗ್ಯಕ್ಕೆ ಅಂತ ಮಾಡಿದ್ದಲ್ಲ. ಆಫೀಸಿನ ದಿನದ ಕೆಳಗೆ ಫೋನ್ ಎಣಿಸಿದ ಹೆಜ್ಜೆ ಬರೆದೆ: 1,900. ಕಾಫಿ ನಾಲ್ಕು ಸಲ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಮಲಗುವುದು ಒಂದು ಗಂಟೆಗೆ, ಅಲ್ಲಿವರೆಗೆ ಕೈಯಲ್ಲಿ ಬಿಸ್ಕತ್ತಿನ ಪ್ಯಾಕೆಟ್ಟು. ನನ್ನ ತೂಕವನ್ನು ಅಷ್ಟು ವರ್ಷ ಕಾಯುತ್ತಿದ್ದದ್ದು ನಾನಲ್ಲ, ಶಾಲೆಯ ಗಂಟೆ. ಅದು ನಿಂತಿದ್ದು ನನಗೆ ತಿಳಿಯಲೇ ಇಲ್ಲ.

ಲೆಕ್ಕ ಹಾಕಿದರೆ ಇನ್ನೂ ಆಶ್ಚರ್ಯ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಮೂರು ವರ್ಷದಲ್ಲಿ 11 ಕಿಲೋ ಅಂದರೆ ದಿನಕ್ಕೆ ಬರೀ 77 ಕ್ಯಾಲೊರಿ ಮಿಕ್ಕಿದ್ದು. ಕಾಫಿಯ ಸಕ್ಕರೆ ಒಂದೇ ಅದಕ್ಕಿಂತ ಜಾಸ್ತಿ. ಮೈ ಭಾರವಾದಷ್ಟೂ ಅದರ ಖರ್ಚೂ ಏರುವುದರಿಂದ ನಿಜವಾದ ಲೆಕ್ಕ ಇಷ್ಟು ಸಲೀಸಲ್ಲ. ಆದರೂ ನಾನೇನು ಹೊಟ್ಟೆಬಾಕನಂತೆ ತಿಂದಿರಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಇಷ್ಟೆಲ್ಲ ತಿಳಿದ ಮೇಲೂ ನಾನು ಮೊದಲು ಮಾಡಿದ್ದು ದಡ್ಡತನ. ರಾತ್ರಿ ಊಟ ಬಿಟ್ಟೆ. ಮೊದಲ ವಾರವೇ ಎರಡು ಕಿಲೋ ಇಳಿಯಿತು, ಕುಣಿದಾಡಿದೆ. ಅದು ಹೆಚ್ಚಾಗಿ ನೀರು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿಯಾದಾಗ ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ಮೂರು ವಾರದಲ್ಲಿ ನಾಲ್ಕು ಕಿಲೋ ಹೋಯಿತು. ಆಮೇಲೆ ಒಂದು ರಾತ್ರಿ ತಡೆಯಲಾಗದೆ ಅಡುಗೆಮನೆಯಲ್ಲಿ ನಿಂತುಕೊಂಡೇ ಸಿಕ್ಕಿದ್ದೆಲ್ಲ ತಿಂದೆ. ಎರಡು ತಿಂಗಳಲ್ಲಿ ಹೋಗಿದ್ದ ನಾಲ್ಕರ ಜೊತೆ ಇನ್ನೊಂದು ಕಿಲೋ ಬಂತು.

ಆಮೇಲೆ ಶಾಲೆ ಮಾಡುತ್ತಿದ್ದ ಕೆಲಸವನ್ನು ಒಂದೊಂದಾಗಿ ವಾಪಸ್ ತಂದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನದು ಆ 150ಕ್ಕೂ ಎಷ್ಟೋ ಕಮ್ಮಿ ಇತ್ತು. ಬೆಳಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ವಾರಕ್ಕೆ ಎರಡು ದಿನ ಬಸ್ಕಿ, ಪುಷ್ಅಪ್. ಕಾಫಿಗೆ ಅರ್ಧ ಚಮಚ ಸಕ್ಕರೆ. ಹದಿನೈದು ದಿನ ಅದು ಕಷಾಯದಂತಿತ್ತು, ಈಗ ಎರಡು ಚಮಚ ಹಾಕಿದರೆ ಕುಡಿಯಲಾಗುವುದಿಲ್ಲ. ಬಿಸ್ಕತ್ತು ಬಿಡಲಿಲ್ಲ. ಮೂರನ್ನು ತಟ್ಟೆಗೆ ಹಾಕಿಕೊಂಡು ಪ್ಯಾಕೆಟ್ಟನ್ನು ಡಬ್ಬಿಗೆ ಹಾಕಿಬಿಡುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾಗಿದ್ದು ಹನ್ನೊಂದಕ್ಕೆ ಮಲಗುವುದು. ಆದರೆ ಅದು ಸರಿಹೋದ ಮೇಲೆ ರಾತ್ರಿ ಹಸಿವೆಯೇ ಕಮ್ಮಿಯಾಯಿತು.

ತೂಕ ನೋಡುವುದನ್ನೂ ಕಲಿಯಬೇಕಾಯಿತು. ನನ್ನ ಯಂತ್ರವನ್ನು ಕಂಬಳಿ ಮೇಲೆ ಇಟ್ಟರೆ ಒಂದು ತೂಕ, ಗಟ್ಟಿ ನೆಲದ ಮೇಲೆ ಇನ್ನೊಂದು. ಈಗ ಅದಕ್ಕೆ ಒಂದು ಜಾಗ ಗೊತ್ತು ಮಾಡಿದ್ದೇನೆ. ಎದ್ದ ತಕ್ಷಣ, ಏನೂ ತಿನ್ನದೆ ಕುಡಿಯದೆ, ಶೌಚಕ್ಕೆ ಹೋಗಿಬಂದು ಹತ್ತುತ್ತೇನೆ. ಆ ದಿನದ ಸಂಖ್ಯೆಗೆ ಬೆಲೆ ಇಲ್ಲ. ಉಪ್ಪು ಜಾಸ್ತಿ ತಿಂದರೂ ಒಂದು ಕಿಲೋ ಏರುತ್ತದೆ. ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಿ ಭಾನುವಾರ ಬರೆದುಕೊಳ್ಳುತ್ತೇನೆ. ದಿನಾ ನೋಡಿದರೆ ತಲೆ ಕೆಡುತ್ತದೆ ಅನ್ನುವವರು ಸುಮ್ನೆ ಸೊಂಟ ಅಳೆದರೆ ಸಾಕು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ. ಯಾವ ಕಾರಣವೂ ಇಲ್ಲದೆ ತೂಕ ಸರಸರನೆ ಇಳಿದರೆ ಅಥವಾ ಏರಿದರೆ ಮಾತ್ರ ಇದ್ಯಾವುದನ್ನೂ ನೆಚ್ಚಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ.

77ರಿಂದ 69ಕ್ಕೆ ಬರಲು ನನಗೆ 16 ತಿಂಗಳು ಹಿಡಿಯಿತು. ನಡುವೆ ಎರಡು ತಿಂಗಳು ಸಂಖ್ಯೆ ಅಲ್ಲಾಡಲೇ ಇಲ್ಲ. ಈಗ ನನಗೆ 31. ಹೋದ ಭಾನುವಾರದ ಸರಾಸರಿ 69.4, ಅದರ ಹಿಂದಿನ ವಾರ 69.1. ಬೆಲ್ಟು ಮೂರನೇ ತೂತಿನಲ್ಲಿದೆ. ಮೊದಲನೇ ತೂತಿಗೆ ಎಳೆದು ನೋಡಿದ್ದೂ ಉಂಟು, ಉಸಿರು ಬಿಗಿಹಿಡಿದರೆ ಎರಡನೇದರವರೆಗೆ ಬರುತ್ತದೆ.