ನಿಮ್ಮ ಬಡಾವಣೆಯ ಆಹಾರ ನಕ್ಷೆ ಮಾಡುವುದು ಹೇಗೆ?

ನಗರ ಬೆಳೆದ ಹಾಗೆ ಹೊಸ ಮನೆಗಳು ಅಂಚಿಗೆ ಹೋಗುತ್ತವೆ. ದೊಡ್ಡ ಮಾರುಕಟ್ಟೆ ಹಳೆಯ ಜಾಗದಲ್ಲೇ ಉಳಿಯುತ್ತದೆ. ಬಾಡಿಗೆ ಕಮ್ಮಿ ಅಂತ ದೂರ ಹೋದವರು ಸೊಪ್ಪು, ಹಣ್ಣು ತರಲು ಬಸ್ಸು ಹತ್ತಬೇಕು. ಮನೆ ಪಕ್ಕದಲ್ಲಿ ಸಿಗುವುದು ಪ್ಯಾಕೆಟ್ ತಿಂಡಿ. ಹೊಟ್ಟೆ ತುಂಬಿದರೂ ಕಬ್ಬಿಣ, ಎ ವಿಟಮಿನ್, ಸತು ಮೈಗೆ ಸಾಲುವುದಿಲ್ಲ. ನಗರದಲ್ಲಿ ಆಹಾರಕ್ಕೆ ಬರ ಇಲ್ಲದಿದ್ದರೂ ಎಷ್ಟೋ ಅಡುಗೆಮನೆಗಳಲ್ಲಿ ಕೊರತೆ ಇರುವುದು ಹೀಗೆ. ಅದು ಎಲ್ಲಿ, ಯಾಕೆ ಅಂತ ತೋರಿಸುವ ನಕ್ಷೆಯನ್ನು ನಾಲ್ಕೈದು ಜನ ಸೇರಿ ರಜಾದಿನಗಳಲ್ಲಿ ಮಾಡಬಹುದು.

1. ಗಡಿ ಹಾಕಿಕೊಳ್ಳಿ
ಹದಿನೈದು ನಿಮಿಷ ನಡೆದು ತಲುಪುವಷ್ಟು ಜಾಗ ಸಾಕು. ಜಾಸ್ತಿ ಹಿಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

2. ನಡೆದು ಗುರುತು ಮಾಡಿ
ಫೋನಿನ ಮ್ಯಾಪ್ ತೋರಿಸುವ ದೂರವನ್ನು ಸುಮ್ನೆ ನಂಬಬೇಡಿ. ನಡುವೆ ಹೆದ್ದಾರಿಯೋ ರೈಲು ಹಳಿಯೋ ಇದ್ದರೆ ಎದುರಿಗೆ ಕಾಣುವ ಅಂಗಡಿಗೂ ಸುತ್ತಿಕೊಂಡು ಹೋಗಬೇಕು. ಚೀಲ ಹಿಡಿದ ವೃದ್ಧರು ಆ ದಾರಿಯಲ್ಲಿ ನಡೆಯಬಲ್ಲರೇ ನೋಡಿ. ತಾಜಾ ತರಕಾರಿ, ಹಣ್ಣು, ಕಾಳು, ಮೊಟ್ಟೆ, ಹಾಲು ಸಿಗುವ ಜಾಗಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ. ತಳ್ಳುಗಾಡಿಗಳನ್ನು ಬಿಡಬೇಡಿ. ಅಂಗಡಿ ಬಾಗಿಲು ಹಾಕುವ ಹೊತ್ತನ್ನೂ ಬರೆಯಿರಿ. ಕೆಲಸ ಮುಗಿಸಿ ರಾತ್ರಿ ಬರುವವರಿಗೆ ಸಂಜೆಗೇ ಮುಚ್ಚುವ ಅಂಗಡಿ ಇದ್ದೂ ಇಲ್ಲದ ಹಾಗೆ, ಅಲ್ವಾ?

3. ಬೆಲೆ ಬರೆಯಿರಿ
ಎಲ್ಲ ಕಡೆಯೂ ಅದೇ ಸಾಮಾನುಗಳ ಬೆಲೆ ಕೇಳಿ. ಸಣ್ಣ ಪೊಟ್ಟಣದ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿ. ಒಂದೇ ಸಲ ಜಾಸ್ತಿ ಕೊಳ್ಳಲು ಕೈಯಲ್ಲಿ ಹಣ ಇಲ್ಲದವರೇ ಎಷ್ಟೋ ಸಲ ಹೆಚ್ಚು ದರ ಕೊಡುತ್ತಿರುತ್ತಾರೆ. ಒಂದು ದಿನದ ಕೂಲಿಯಲ್ಲಿ ಎಷ್ಟು ಪಾಲು ಊಟಕ್ಕೇ ಹೋಗುತ್ತದೆ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

4. ಮನೆಗಳಲ್ಲಿ ಕೇಳಿ
ಇಡೀ ಕೆಲಸದ ಜೀವಾಳ ಇದೇ. ಇದಕ್ಕೆ ಎರಡು ಅಳತೆಗಳು ಸಿದ್ಧವಾಗಿವೆ. ಮೊದಲನೆಯದು 15ರಿಂದ 49 ವರ್ಷದ ಮಹಿಳೆಯರಿಗೆ. ನಿನ್ನೆ ಹಗಲು, ರಾತ್ರಿ ಏನೇನು ತಿಂದಿರಿ ಅಂತ ಕೇಳಬೇಕು. ಉತ್ತರವನ್ನು 10 ಗುಂಪುಗಳಲ್ಲಿ ಹಂಚಬೇಕು: ಧಾನ್ಯ ಮತ್ತು ಗೆಡ್ಡೆ, ಕಾಳು, ಬೀಜಗಳು, ಹಾಲಿನ ಪದಾರ್ಥ, ಮಾಂಸ-ಮೀನು, ಮೊಟ್ಟೆ, ಕಡು ಹಸಿರು ಸೊಪ್ಪು, ಎ ವಿಟಮಿನ್ ಇರುವ ಬೇರೆ ಹಣ್ಣು-ತರಕಾರಿ, ಉಳಿದ ತರಕಾರಿ, ಉಳಿದ ಹಣ್ಣು. 15 ಗ್ರಾಂಗಿಂತ ಕಮ್ಮಿ ತಿಂದದ್ದು ಲೆಕ್ಕಕ್ಕಿಲ್ಲ. ಕನಿಷ್ಠ 5 ಗುಂಪು ಮುಟ್ಟಿದವರು ನೂರಕ್ಕೆ ಎಷ್ಟು ಜನ ಅಂತ ನೋಡಿ. ಇದು ಬಡಾವಣೆಯ ಅಳತೆ. ಒಬ್ಬರ ಒಂದು ದಿನದ ಊಟ ನೋಡಿ ಅವರಿಗೆ ಪೌಷ್ಟಿಕತೆ ಕಮ್ಮಿ ಅಂತ ಹೇಳಬೇಡಿ.

ಎರಡನೆಯದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 8 ಪ್ರಶ್ನೆಗಳ ಪಟ್ಟಿ. ಹಣವಿಲ್ಲದೆ ಊಟದ ಚಿಂತೆ ಆಗಿತ್ತಾ ಅನ್ನುವಲ್ಲಿ ಶುರುವಾಗಿ, ಇಡೀ ದಿನ ಉಪವಾಸ ಇದ್ದಿರಾ ಅನ್ನುವಲ್ಲಿಗೆ ಮುಗಿಯುತ್ತದೆ. ಇವನ್ನು ಅಕ್ಕಪಕ್ಕದವರ ಎದುರು, ಮಕ್ಕಳ ಎದುರು ದಯವಿಟ್ಟು ಕೇಳಬೇಡಿ. ಹೆಸರು ಬರೆಯಬೇಡಿ. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಹಸಿವನ್ನು ಬಾಯಿಬಿಟ್ಟು ಹೇಳುವುದು ಯಾರಿಗೂ ಸುಲಭವಲ್ಲ.

5. ಒಲೆಯನ್ನು ಮರೆಯಬೇಡಿ
ನೀರು, ಇಂಧನ, ಸಾಮಾನು ಕೆಡದಂತೆ ಇಡುವ ಜಾಗ, ಅಡುಗೆಗೆ ಸಮಯ ಇವೆಯೇ ಕೇಳಿ. ಒಂದೇ ಕೋಣೆಯಲ್ಲಿ ಆರು ಜನ ಇದ್ದು ಒಲೆಯೇ ಇಲ್ಲದಿದ್ದರೆ ಅಗ್ಗದ ಕಾಳಿನಿಂದ ಏನು ಪ್ರಯೋಜನ?

6. ನಗರಾಡಳಿತದ ಮುಂದೆ ಇಡಿ
ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಗೆ ತನ್ನಿ. ಸುಮ್ನೆ ದೂರು ಕೊಡಬೇಡಿ, ಒಂದು ಜಾಗ ತೋರಿಸಿ ಒಂದು ಬೇಡಿಕೆ ಇಡಿ. ಬ್ರೆಜಿಲ್‌ನ ಬೆಲೊ ಹೊರಿಝಾಂಟೆ ನಗರ 1993ರಲ್ಲಿ ಆಹಾರಕ್ಕೆಂದೇ ಒಂದು ವಿಭಾಗ ತೆರೆಯಿತು. ಕಡಿಮೆ ಬೆಲೆಯ ಊಟದ ಮನೆಗಳನ್ನು ನಡೆಸಿತು. ವ್ಯಾಪಾರಿಗಳಿಗೆ ಒಳ್ಳೆಯ ಜಾಗ ಕೊಟ್ಟು, ಕೆಲವು ತರಕಾರಿಗಳನ್ನು ನಗರ ಗೊತ್ತು ಮಾಡಿದ ದರಕ್ಕೇ ಮಾರಬೇಕು ಅಂತ ಷರತ್ತು ಹಾಕಿತು. ನಿಮ್ಮ ನಕ್ಷೆಯಲ್ಲಿ ಖಾಲಿ ಕಾಣುವ ಮೂಲೆಗೂ ಇಂಥದ್ದೇ ಏರ್ಪಾಡು ಕೇಳಬಹುದು. ಎಲ್ಲರಿಗೂ ಒಳ್ಳೆಯ ಆಹಾರ ಸಿಗುವಂತೆ ಮಾಡುತ್ತೇವೆ ಅಂತ ಬೇರೆ ಬೇರೆ ದೇಶಗಳ ನಗರಗಳು ಮಾಡಿಕೊಂಡ 2015ರ ಮಿಲಾನ್ ನಗರ ಆಹಾರ ಒಪ್ಪಂದಕ್ಕೆ ನಿಮ್ಮ ನಗರ ಸಹಿ ಹಾಕಿದ್ದರೆ ಅದನ್ನೂ ನೆನಪಿಸಿ.

ಬೆಲೆ ಏರಿದಾಗ, ಮಳೆಯಲ್ಲಿ ಕೆಲಸ ನಿಂತಾಗ ಚಿತ್ರ ಬದಲಾಗುತ್ತದೆ. ಹಾಗಾಗಿ ಆರು ತಿಂಗಳು ಬಿಟ್ಟು ಅದೇ ಅಂಗಡಿಗಳಿಗೆ, ಅದೇ ಬೀದಿಗಳಿಗೆ ಮತ್ತೆ ಹೋಗಿ, ಅದೇ ಪ್ರಶ್ನೆಗಳನ್ನು ಕೇಳಿ.