ಟೇಬಲ್ ಸಾ ಫೆನ್ಸ್ ನೇರ ಮಾಡುವುದು

ಟೇಬಲ್ ಸಾ, ಅಂದರೆ ಮೇಜಿನಿಂದ ದುಂಡು ಬ್ಲೇಡ್ ಮೇಲೆದ್ದಿರುವ ಗರಗಸದಲ್ಲಿ ಸೀಳಿದ ಅಂಚಿನಲ್ಲಿ ಸುಟ್ಟ ಕಪ್ಪು ಗೆರೆ, ಅರ್ಧಕ್ಕೆ ಬಂದ ಹಲಗೆ ತಳ್ಳಲು ಬಿಗಿ. ಇಷ್ಟಕ್ಕೇ ಬ್ಲೇಡನ್ನು ಸಾಣೆಗೆ ಕೊಡುವವರಿದ್ದಾರೆ. ಅದಕ್ಕೆ ಮೊದಲು ಫೆನ್ಸ್, ಅಂದರೆ ಹಲಗೆ ಆತು ಸಾಗುವ ಪಕ್ಕದ ಪಟ್ಟಿಯನ್ನು ನೋಡಿ.

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಫೆನ್ಸ್ ಜಾರುವ ರೈಲಿನ ಮೇಲೆ ಕೂತ ಮರದಪುಡಿ, ಅಂಟು ಒರೆಸಿ. ಅದರ ಮೇಲೆಯೇ ಅಳತೆ ಹಿಡಿದರೆ ನಾಳೆ ಮತ್ತೆ ಇದೇ ಕೆಲಸ.

ಎಲ್ಲ ಅಳತೆಗೂ ಆಧಾರ ಟೇಬಲ್ಲಿನ ಮೈಟರ್ ಸ್ಲಾಟ್ (ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೆ ಕೊರೆದ ತೋಡು), ಬ್ಲೇಡ್ ಅಲ್ಲ. ಹಾಗಾಗಿ ಬ್ಲೇಡೇ ಸ್ಲಾಟಿಗೆ ನೇರವಿದೆಯೇ ಎಂದು ಮೊದಲು ತಿಳಿಯಬೇಕು. ಬ್ಲೇಡನ್ನು ಪೂರ್ತಿ ಎತ್ತಿ, ಒಂದು ಹಲ್ಲಿಗೆ ಮಾರ್ಕರ್ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು, ಸ್ಲಾಟಿನ ಅಂಚಿಗೆ ಕಾಂಬಿನೇಷನ್ ಸ್ಕ್ವೇರ್ (ಸ್ಕೇಲು ಜಾರಿಸಬಲ್ಲ ಮೂಲೆಮಟ್ಟ) ಒತ್ತಿ, ಸ್ಕೇಲಿನ ತುದಿ ಹಲ್ಲಿಗೆ ತಾಗುವಷ್ಟು ಚಾಚಿ ಬಿಗಿಮಾಡಿ. ಈಗ ಕೈಯಲ್ಲಿ ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು, ಸ್ಕ್ವೇರನ್ನೂ ಹಿಂದೆ ಸರಿಸಿ. ಮುಂದೆ ಕೇಳಿದ ಅದೇ ಸಣ್ಣ 'ಟಿಕ್' ಹಿಂದೆಯೂ ಕೇಳಬೇಕು. ಬೇರೆ ಹಲ್ಲಿಗೆ ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿ ಹಾದಿ ತಪ್ಪುತ್ತದೆ. ವ್ಯತ್ಯಾಸ 0.1 ಮಿ.ಮೀ. ದಾಟಿದರೆ ಬ್ಲೇಡನ್ನು ಹೊತ್ತ ಟ್ರನಿಯನ್ ಬೋಲ್ಟುಗಳನ್ನು ಸಡಿಲಿಸಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಸರಿಪಡಿಸಿ.

ಇನ್ನು ಫೆನ್ಸ್. ಸ್ಲಾಟಿನ ಪಕ್ಕಕ್ಕೆ ತಂದು ಲಿವರ್ ಲಾಕ್ ಮಾಡಿ. ಲಾಕ್ ಮಾಡುವಾಗಲೇ ಹಿಂಬದಿ ಸರಿಯುವ ಫೆನ್ಸುಗಳು ಬೇಕಾದಷ್ಟಿವೆ, ಆದ್ದರಿಂದ ಲಾಕ್ ಮಾಡದೆ ಅಳೆಯಬೇಡಿ. ಸ್ಲಾಟಿನಿಂದ ಫೆನ್ಸಿಗೆ ಮುಂದೆಯೂ ಹಿಂದೆಯೂ ಒಂದೇ ಅಂತರವಿರಲಿ. ಹಿಂದೆ ಬ್ಲೇಡಿನಿಂದ 0.1 ಮಿ.ಮೀ.ನಷ್ಟು ದೂರ ಸರಿದಿದ್ದರೆ ನಡೆಯುತ್ತದೆ. ಕೂದಲೆಳೆಯಷ್ಟೂ ಹತ್ತಿರ ಬರಕೂಡದು. ಬಂದರೆ ಹಲಗೆ ಫೆನ್ಸಿಗೂ ಬ್ಲೇಡಿನ ಹಿಂಭಾಗಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಹಲ್ಲುಗಳು ಮೇಲೇಳುತ್ತಿರುತ್ತವೆ. ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಯತ್ತಲೇ ಎಸೆಯುತ್ತವೆ. ಕಿಕ್‌ಬ್ಯಾಕ್ ಅಂದರೆ ಇದೇ.

ಸಣ್ಣ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಫೆನ್ಸಿನ ತಲೆಯ ಮೇಲೆ ಎರಡು ಅಲೆನ್ ಬೋಲ್ಟ್ ಇರುತ್ತವೆ. ಸಡಿಲಿಸಿ, ನೇರಮಾಡಿ, ಎರಡನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಟಿ-ಸ್ಕ್ವೇರ್ ಮಾದರಿಯ (ಟಿ ಆಕಾರದ) ಫೆನ್ಸಿನಲ್ಲಿ ರೈಲನ್ನು ಒತ್ತುವ ಎರಡು ಸೆಟ್ ಸ್ಕ್ರೂ ಇರುತ್ತವೆ. ಒಂದನ್ನು ಮಾತ್ರ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ಲಾಕ್ ಮಾಡಿ ಅಳೆಯಿರಿ.

ಫೆನ್ಸ್ ಟೇಬಲ್ಲಿಗೆ 90 ಡಿಗ್ರಿ ನಿಂತಿದೆಯೇ ಎಂದು ಮೂಲೆಮಟ್ಟ ಇಟ್ಟು ಬೆಳಕಿಗೆ ನೋಡಿ. ಬ್ಲೇಡೂ ಹಾಗೆಯೇ ನಿಂತಿದೆಯೇ ಎಂದು ನೋಡುವಾಗ ಮಟ್ಟ ಹಲ್ಲಿಗೆ ತಾಗದೆ ಬ್ಲೇಡಿನ ಚಪ್ಪಟೆ ತಟ್ಟೆಗೆ ತಾಗಲಿ, ಹಲ್ಲು ತಟ್ಟೆಗಿಂತ ದಪ್ಪ.

ಸೀಳಿ ಪರೀಕ್ಷಿಸಲು ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡೇ ವಾಸಿ. ಗಟ್ಟಿಮರ ಒಳಬಿಗಿತದಿಂದ ತಾನೇ ಮುಚ್ಚಿಕೊಂಡು ಫೆನ್ಸಿನ ಮೇಲೆ ಅಪವಾದ ಹೊರಿಸುತ್ತದೆ. ಫೆನ್ಸಿನ ಕಡೆಯ ತುಂಡು ಸುಟ್ಟರೆ ಹಿಂದೆ ಬಿಗಿ, ಆಚೆ ತುಂಡು ಸುಟ್ಟರೆ ಹಿಂದೆ ವಿಪರೀತ ಅಗಲ.

ಫೆನ್ಸಿನ ಅಂತರ ತೋರಿಸುವ ಸ್ಕೇಲಿನ ಮುಳ್ಳು ಕೊನೆಗೆ. 100 ಮಿ.ಮೀ.ಗೆ ಇಟ್ಟು ಸೀಳಿದ್ದು ವರ್ನಿಯರಿನಲ್ಲಿ 100.6 ಬಂದರೆ, ಫೆನ್ಸ್ ಅಲ್ಲಾಡಿಸದೆ ಮುಳ್ಳನ್ನೇ 100.6ಕ್ಕೆ ಸರಿಸಿ. ಬೇರೆ ದಪ್ಪದ ಬ್ಲೇಡ್ ಹಾಕಿದ ದಿನ ಇದನ್ನಷ್ಟೇ ಮತ್ತೆ ಮಾಡಿದರಾಯಿತು.