ಮ್ಯಾನೇಜರ್ ಬಿಟ್ಟು ಹೋಗದ ಹಾಗೆ ವಿಮೆಯ ಬೋನಸ್: ಕೊಡುವುದು ಹೇಗೆ?

ಪೀಣ್ಯದಲ್ಲಿ ನಿಮ್ಮದೊಂದು ಕಾರ್ಖಾನೆ ಇದೆ ಅಂದುಕೊಳ್ಳಿ. ಹನ್ನೆರಡು ವರ್ಷದಿಂದ ಇರುವ ಮ್ಯಾನೇಜರ್‌ಗೆ ಯಾವ ಗಿರಾಕಿಗೆ ಎಷ್ಟು ಮೈಕ್ರಾನ್ ಬೇಕು ಅನ್ನೋದು ಡ್ರಾಯಿಂಗ್ ನೋಡದೆಯೇ ಗೊತ್ತು. ಪಕ್ಕದ ರಸ್ತೆಯವರು ಇಪ್ಪತ್ತು ಸಾವಿರ ಜಾಸ್ತಿ ಕೊಡ್ತೀವಿ ಅಂತ ಕರೆದರೆ? ನೀವೂ ಸಂಬಳ ಏರಿಸಬಹುದು. ಆದರೆ ಏರಿಸಿದ ಸಂಬಳ ಮೂರು ತಿಂಗಳಲ್ಲಿ ಹಳೇದಾಗುತ್ತದೆ. ಅದಕ್ಕೇ ಕೆಲವು ಕಂಪನಿಗಳು ಬೋನಸ್ಸನ್ನು ಮ್ಯಾನೇಜರ್ ಹೆಸರಿನ ಜೀವ ವಿಮೆಯ ಪ್ರೀಮಿಯಂ ಆಗಿ ಕಟ್ಟುತ್ತವೆ. ವಿಮೆಯವರು ಇದಕ್ಕೆ ಎಂಪ್ಲಾಯರ್–ಎಂಪ್ಲಾಯಿ ಸ್ಕೀಮ್ ಅನ್ನುತ್ತಾರೆ.

ಮೊದಲು ಏಜೆಂಟ್ ತರುವ ಫಾರಂ ನೋಡಿ. ಕೀಮ್ಯಾನ್ ಪಾಲಿಸಿ ಅಂತಿದ್ದರೆ ಅದು ಬೇರೆಯೇ ಕಥೆ. ಅದರಲ್ಲಿ ಮ್ಯಾನೇಜರ್ ತೀರಿಕೊಂಡರೆ ದುಡ್ಡು ಬರುವುದು ಕಂಪನಿಗೆ, ಅವರ ಮನೆಯವರಿಗಲ್ಲ. ಮುಂದೆ ಅವರ ಹೆಸರಿಗೆ ಬರೆದುಕೊಟ್ಟರಾಯಿತು ಅನ್ನುವ ಉಪಾಯವೂ ನಡೆಯಲ್ಲ. 2013ರ ತಿದ್ದುಪಡಿ ಆದಮೇಲೆ ಹಾಗೆ ಬರೆದುಕೊಟ್ಟರೂ ತೆರಿಗೆ ಲೆಕ್ಕದಲ್ಲಿ ಅದು ಕೀಮ್ಯಾನ್ ಪಾಲಿಸಿಯೇ.

ಎರಡನೇದು, ಪಾಲಿಸಿ ಯಾರದ್ದು? ಮೊದಲ ದಿನದಿಂದಲೇ ಮ್ಯಾನೇಜರ್‌ದೇ ಆಗಿರಬಹುದು, ಕಂಪನಿ ಪ್ರೀಮಿಯಂ ಮಾತ್ರ ಕಟ್ಟುತ್ತದೆ. ಇಲ್ಲವೇ ಇದೇ ಎಂಪ್ಲಾಯರ್–ಎಂಪ್ಲಾಯಿ ಸ್ಕೀಮ್‌ನಲ್ಲಿ ಕಂಪನಿ ತನ್ನ ಹೆಸರಲ್ಲಿ ತೆಗೆದುಕೊಂಡು, ಐದು ವರ್ಷ ಆದಮೇಲೆ ಅವರಿಗೆ ಅಸೈನ್ ಮಾಡಬಹುದು, ಅಂದರೆ ಅವರ ಹೆಸರಿಗೆ ಬರೆದುಕೊಡಬಹುದು. ಹಿಡಿತ ಜಾಸ್ತಿ ಇರುವುದು ಎರಡನೆಯದರಲ್ಲಿ. ನನಗೆ ಹಿಡಿಸುವುದು ಮೊದಲನೆಯದು. ಆಯುಧಪೂಜೆ ದಿನ ಕಡಲೆಪುರಿ ಪೊಟ್ಟಣದ ಜೊತೆ ತನ್ನ ಹೆಸರಿನ ಪ್ರೀಮಿಯಂ ರಸೀದಿ ಸಿಕ್ಕರೆ ಅದು ಮನೆಯವರ ಕೈಗೂ ಹೋಗುತ್ತದೆ. ಪಕ್ಕದ ರಸ್ತೆಯ ಕರೆ ಬಂದಾಗ ಮೊದಲು ಮಾತಾಡುವುದು ಮನೆಯವರೇ ಅಲ್ವಾ?

ಈಗ ಲೆಕ್ಕ. ಕಂಪನಿ ಕಟ್ಟುವ ಪ್ರೀಮಿಯಂ ಮ್ಯಾನೇಜರ್ ಸಂಬಳದ ಭಾಗ. ಸಂಬಳದ ತೆರಿಗೆ ಪ್ರಮಾಣಪತ್ರದಲ್ಲಿ ತೋರಿಸಬೇಕು, ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಅವರ ತೆರಿಗೆ ಆದಾಯ 18 ಲಕ್ಷ, ಹೊಸ ಪದ್ಧತಿ ಅಂದುಕೊಳ್ಳಿ. ಅದರ ಮೇಲೆ ಸೇರುವ ಹಣಕ್ಕೆ ತೆರಿಗೆ ಸೆಸ್ ಸೇರಿ ಶೇ 20.8. 1 ಲಕ್ಷದ ಪ್ರೀಮಿಯಂಗೆ 20,800 ರೂಪಾಯಿ ಅವರ ಜೇಬಿಂದ ಹೋಗುತ್ತದೆ. ‘ಸಾರ್, ಉಡುಗೊರೆ ಕೊಟ್ಟು ಸಂಬಳ ಕಡಿಮೆ ಮಾಡಿದ್ರಾ?’ ಅಂತ ಕೇಳಿಯೇ ಕೇಳುತ್ತಾರೆ. ಹಾಗಾಗಿ ತೆರಿಗೆಯನ್ನೂ ನೀವೇ ತುಂಬಿಕೊಡಿ. ಆ ಹಣಕ್ಕೂ ತೆರಿಗೆ ಬೀಳುವುದರಿಂದ 20,800 ಸಾಲದು, ಸುಮಾರು 26,300 ಬೇಕು. ಒಟ್ಟು 1,26,300. ಇದನ್ನು ವ್ಯವಹಾರದ ಖರ್ಚು ಅಂತ ತೋರಿಸಬಹುದು. ಶೇ 25.17ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿಗೆ ಕೊನೆಗೆ ಬೀಳುವುದು ಸುಮಾರು 94,500 ರೂಪಾಯಿ.

ವಿಮೆ ಮೊತ್ತ ವರ್ಷದ ಪ್ರೀಮಿಯಂನ ಹತ್ತು ಪಟ್ಟಿಗಿಂತ ಕಡಿಮೆ ಇರದಿರಲಿ. ಕಡಿಮೆ ಇದ್ದರೆ ಮೆಚ್ಯೂರಿಟಿ ಹಣಕ್ಕೆ, ಅಂದರೆ ಅವಧಿ ಮುಗಿದಾಗ ಕೈಗೆ ಬರುವ ಹಣಕ್ಕೆ, ತೆರಿಗೆ ಬರುತ್ತದೆ. ಇನ್ನು ಎಂಡೋಮೆಂಟ್ ಪಾಲಿಸಿಯಿಂದ (ಬದುಕಿದ್ದರೂ ಅವಧಿ ಮುಗಿದಾಗ ಹಣ ಕೊಡುವ ವಿಮೆ) ದೊಡ್ಡ ಲಾಭ ಬರುತ್ತದೆ ಅಂತ ಮ್ಯಾನೇಜರ್‌ಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

ಆಮೇಲೆ ಕಾಗದಪತ್ರ. ಬೋರ್ಡ್ ಠರಾವು, ಜೊತೆಗೆ ಒಂದು ಒಪ್ಪಂದ. ಬೇಗ ಬಿಟ್ಟರೆ ಎಷ್ಟು ಹಿಂದಿರುಗಿಸಬೇಕು ಅಂತ ವರ್ಷವಾರು ಬರೆಯಿರಿ: ಮೊದಲ ವರ್ಷ ಪೂರ್ತಿ, ಆಮೇಲೆ ಇಳಿಯುತ್ತಾ ಐದನೇ ವರ್ಷಕ್ಕೆ ಸೊನ್ನೆ. ಕೆಲಸ ಬಿಟ್ಟಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅಂತ ಮಾತ್ರ ಬರೆಯಬೇಡಿ, 1872ರ ಕರಾರು ಕಾಯ್ದೆಯ 27ನೇ ಕಲಂ ಮುಂದೆ ಅದು ನಿಲ್ಲಲ್ಲ. ಹಣ ಹಿಂದಿರುಗಿಸುವ ಷರತ್ತಿನ ಮಾತು ಬೇರೆ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ವಿಷಯ, ನಿಜ. ಹಾಗಾಗಿ ನಿಮ್ಮ ಮೊತ್ತ ದಂಡದ ಹಾಗೆ ಕಾಣದಿರಲಿ.

ಪಾಲಿಸಿ ಕಂಪನಿ ಹೆಸರಲ್ಲೇ ಇರಲಿ ಅನ್ನುವವರಿಗೆ ಇನ್ನೆರಡು ಕೆಲಸ ಇದೆ. ಅಸೈನ್ ಆಗುವ ಮೊದಲೇ ಮ್ಯಾನೇಜರ್ ತೀರಿಕೊಂಡರೆ ಹಣ ಮನೆಯವರಿಗೇ ಸೇರಬೇಕು ಅಂತ ಒಪ್ಪಂದದಲ್ಲಿ ಬರೆಯಿರಿ. ತೆರಿಗೆ ಯಾವ ವರ್ಷ ಬೀಳುತ್ತದೆ ಅಂತ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಐದು ವರ್ಷ ಮುಗಿದು ಅಸೈನ್‌ಮೆಂಟ್ ಆದ ದಿನವೇ ನಾಮಿನಿ ಫಾರಂ ಕೂಡ ಮ್ಯಾನೇಜರ್ ಕೈಯಿಂದ ತುಂಬಿಸಿ. ಪಾಲಿಸಿ ಕಂಪನಿಯದ್ದಾಗಿದ್ದಾಗ ಅದರಲ್ಲಿ ಅವರ ಹೆಂಡತಿಯ ಹೆಸರು ಇರಲೇ ಇಲ್ಲ.